ಕಾಕನ ಮರೆವು

ಮಂಗಳೂರಿಗೆ ಹೋಗಿ ವಿಮಾನ ಹತ್ತುವವರನ್ನು ಕಂಡರೆ ಕಾಕನಿಗೆ ನಿಜವಾಗಿಯೂ ಕನಿಕರ ಹುಟ್ಟುತ್ತಿತ್ತು. "ಪಾಪ, ಅವರಿಗೆ ದುಡ್ಡು ಹೆಚ್ಚಾಗಿದೆ" ಎನ್ನುತ್ತಿದ್ದರು, ಯಾರಿಗೋ ಸಕ್ಕರೆ ಕಾಯಿಲೆ ಹೆಚ್ಚಾಗಿದೆ ಎನ್ನುವಾಗಿನ ದನಿಯಲ್ಲಿ. ಅವರ ಪ್ರಕಾರ ಬುದ್ಧಿ ಇರುವವರು ವಿಮಾನ ಹತ್ತಬೇಕಾದದ್ದು ಕೇರಳದ ಗಡಿ ದಾಟಿ, ಕಣ್ಣೂರಿನಲ್ಲಿ. ಅಲ್ಲಿಂದ ಟಿಕೆಟಿಗೆ ಕಡಿಮೆ. ಎಷ್ಟು ಕಡಿಮೆ ಎಂದು ಕೇಳಿದರೆ ಬಲಗೈಯನ್ನು ಸೊಂಟದ ಮಟ್ಟಕ್ಕೆ ಇಳಿಸಿ ತೋರಿಸುತ್ತಿದ್ದರು. ಶಾಲೆಗಳಿಗೆ ರಜೆ ಇರುವ ದಿನಗಳಾದರೆ ಮೊಣಕಾಲಿನ ಮಟ್ಟಕ್ಕೆ.

ಕಡಬ ಪೇಟೆಯಲ್ಲಿ ಅವರದ್ದು ಒಂದೇ ಕೋಣೆಯ ಅಂಗಡಿ. ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್, ವಿಮಾನದ ಟಿಕೆಟ್, ಎಲ್ಲ ಅಲ್ಲೇ. ರಾಮಕುಂಜ, ನೆಲ್ಯಾಡಿ, ಪಂಜ, ಅತ್ತ ಕೊಲ್ಲಮೊಗ್ರುವಿನವರೆಗೆ ಗಲ್ಫಿಗೆ ಹೊರಟ ಯಾರೇ ಆಗಲಿ, ಆ ಅಂಗಡಿಯ ಬಿಳಿ ಪರದೆಯ ಮುಂದೆ ಒಮ್ಮೆ ಕೂತು ಎದ್ದವರೇ. ಗೌಡರಿರಲಿ, ಬ್ಯಾರಿಗಳಿರಲಿ, ನೆಲ್ಯಾಡಿ ಕಡೆಯ ಮಲಯಾಳಿ ಕ್ರಿಶ್ಚಿಯನ್ನರಿರಲಿ, ಎಲ್ಲರಿಗೂ ಅವರು ಕಾಕ. ಹೆಸರು ಬೋರ್ಡಿನಲ್ಲಿತ್ತು, ಯಾರೂ ಓದಿದ್ದಿಲ್ಲ. ನಾನೂ ಇಲ್ಲಿ ಕಾಕ ಎಂದೇ ಬರೆಯುತ್ತೇನೆ. ಹೋದ ತಿಂಗಳು ಅವರು ತೀರಿಕೊಂಡರು.

ಫೋಟೋ ತೆಗೆಯುವುದಕ್ಕೆ ಅವರದ್ದೇ ಒಂದು ಕ್ರಮವಿತ್ತು. ಪಾಸ್‌ಪೋರ್ಟಿಗೆ ನಗುವ ಹಾಗಿಲ್ಲವಲ್ಲ. "ನಗ್ಬೇಡಿ. ಆದ್ರೆ ಈಗ ನಗು ಬರ್ತದೆ ಅಂತ ಆಗುವಾಗ ಒಂದು ಮುಖ ಉಂಟಲ್ಲ, ಅದು ಇರ್ಲಿ" ಎನ್ನುತ್ತಿದ್ದರು. ಆ ಮುಖ ಬರುವವರೆಗೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಹಿಂದೆ ಜನ ಸಾಲು ನಿಂತಿದ್ದರೂ ಸರಿಯೆ, ಕರೆಂಟು ಹೋಗುವ ಹೊತ್ತಾಗಿದ್ದರೂ ಸರಿಯೆ. ನನ್ನ ಬೇರೆಲ್ಲ ಗುರುತಿನ ಚೀಟಿಗಳಲ್ಲಿ ನಾನು ಈಗಷ್ಟೇ ಪೊಲೀಸರ ಕೈಗೆ ಸಿಕ್ಕಿಬಿದ್ದವಳ ಹಾಗೆ ಕಾಣುತ್ತೇನೆ. ಕಾಕ ತೆಗೆದದ್ದರಲ್ಲಿ ಮಾತ್ರ ಯಾರೋ ಒಳ್ಳೆಯ ಸುದ್ದಿ ಹೇಳಲು ಬಾಯಿ ತೆರೆದಿದ್ದಾರೆ, ನಾನು ಕೇಳಲು ಕಾಯುತ್ತಿದ್ದೇನೆ ಎಂಬಂತಿದೆ.

ಅವರೂ ಪ್ರಾಯದಲ್ಲಿ ಗಲ್ಫಿನಲ್ಲಿ ಇದ್ದವರು. ಮೀಸೆ ಮೂಡುವ ಮೊದಲೇ ಮನೆಯವರು ಬೊಂಬಾಯಿಗೆ ಬಸ್ಸು ಹತ್ತಿಸಿ, ಅಲ್ಲಿಂದ ವಿಮಾನ ಹತ್ತಿಸಿದ್ದರಂತೆ. ತಲೆಯಲ್ಲಿ ಬಿಳಿಕೂದಲು ಬಂದ ಮೇಲೆ ವಾಪಸು. ನಡುವಿನ ಅಷ್ಟೂ ವರ್ಷಗಳ ಬಗ್ಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಅಲ್ಲಿ ಏಸಿ ಒಳ್ಳೆದಿತ್ತು." ಮತ್ತೆ ಕೆದಕಿದರೆ ಜೆರಾಕ್ಸ್ ಮಿಷನ್ನಿನ ಮುಚ್ಚಳ ಎತ್ತಿ ಒಳಗೆ ಇಣುಕುತ್ತಿದ್ದರು, ಅಲ್ಲಿ ಯಾರೋ ಕರೆದ ಹಾಗೆ.

ಟಿಕೆಟ್ ಮಾಡಿಕೊಟ್ಟು ಕೈ ತೊಳೆದುಕೊಳ್ಳುವ ಜಾತಿಯವರಲ್ಲ ಅವರು. ಕಣ್ಣೂರಿಗೆ ಕಳುಹಿಸಿಕೊಡುವ ಜವಾಬ್ದಾರಿಯೂ ಅವರದ್ದೇ. ಶನಿವಾರ ಸಂಜೆಯ ವಿಮಾನವನ್ನೇ ಹುಡುಕಿ ಟಿಕೆಟ್ ಮಾಡುತ್ತಿದ್ದರು. ಶನಿವಾರ ಸೂರ್ಯ ಏಳುವ ಮೊದಲೇ ಎರಡು ಗಾಡಿ ಹೊರಡುವುದು, ಮನೆಯವರು, ನೆಂಟರು, ಅಕ್ಕಪಕ್ಕದವರು ಎಲ್ಲ ತುಂಬಿಕೊಳ್ಳುವುದು, ಹೋಗುವವರನ್ನು ಸಂಜೆ ನಿಲ್ದಾಣದ ಒಳಗೆ ಕಳುಹಿಸಿ, ಕಣ್ಣೂರಿನಲ್ಲಿ ರಾತ್ರಿ ಉಳಿದು, ಭಾನುವಾರ ಕಡಲು ನೋಡಿಕೊಂಡು ಊರಿಗೆ. ಹೋಗುವಾಗ ಇದ್ದ ಒಬ್ಬರು ಬರುವಾಗ ಇರುವುದಿಲ್ಲ ಎಂಬುದೊಂದನ್ನು ಬಿಟ್ಟರೆ ಅದು ಪಿಕ್‌ನಿಕ್ಕೇ. ಕೆಲವರು ಹೋಗುವವರ ಪರಿಚಯವೇ ಇಲ್ಲದಿದ್ದರೂ ಕಾಕನ ಗಾಡಿಯಲ್ಲಿ ಜಾಗ ಉಂಟಾ ಎಂದು ಕೇಳುತ್ತಿದ್ದರು.

ನಮ್ಮ ಶಾಲೆಯ ಗಣಿತದ ಮಾಸ್ಟ್ರು ಒಮ್ಮೆ ಅಂಗಡಿಯಲ್ಲೇ ಕೂತು ಲೆಕ್ಕ ಹಾಕಿದರು. ಎರಡು ಗಾಡಿಯ ಬಾಡಿಗೆ, ಅಷ್ಟು ಜನರ ಊಟ, ಲಾಡ್ಜು, ಐಸ್‌ಕ್ರೀಮು ಎಲ್ಲ ಸೇರಿಸಿದರೆ ಟಿಕೆಟಿನಲ್ಲಿ ಉಳಿದದ್ದು ದಾರಿಯಲ್ಲೇ ಖರ್ಚಾಗುತ್ತದೆ, ಮಂಗಳೂರೇ ಮೇಲು ಎಂದರು. ಕಾಕ ಆ ಲೆಕ್ಕವನ್ನು ಮೆಚ್ಚುಗೆಯಿಂದ ನೋಡಿದರು. "ಅದು ಹೌದು ಮಾಸ್ಟ್ರೆ. ಆದ್ರೆ ಮಂಗಳೂರು ಮಾರಾಯ್ರೆ, ತುಂಬ ಹತ್ತಿರ" ಎಂದರು. ಹತ್ತಿರವಿದ್ದರೆ ಒಳ್ಳೆಯದಲ್ಲವೇ ಎಂದು ಮಾಸ್ಟ್ರು. "ಹತ್ತಿರ ಇದ್ರೆ ಬೇಗ ಮುಟ್ಟಿಬಿಡ್ತದೆ" ಎಂದರು ಕಾಕ. ಗಣಿತದ ಮಾಸ್ಟ್ರು ಹಣೆ ಹಣೆ ಬಡಿದುಕೊಂಡು ಶಾಲೆಗೆ ಬಂದರು. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆ ದಾರಿ ಮಾತ್ರ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪಂಜ, ಬೆಳ್ಳಾರೆ ಕಳೆಯುವಾಗ ಇನ್ನೂ ಮಬ್ಬು. ಸುಳ್ಯ ಪೇಟೆಯಲ್ಲಿ ಅಂಗಡಿಗಳ ಬಾಗಿಲು ತೆರೆಯುವ ಸದ್ದು. ಆಲೆಟ್ಟಿ ದಾಟಿ ಬಡ್ಡಡ್ಕದ ಕಾಡಿಗೆ ಹೊಕ್ಕ ಮೇಲೆ ಗಾಡಿಯೊಳಗೆ ಮಾತು ತನ್ನಷ್ಟಕ್ಕೆ ನಿಲ್ಲುತ್ತದೆ. ಮಕ್ಕಳು ನಿದ್ದೆ ಹೋಗುತ್ತವೆ, ದೊಡ್ಡವರಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಜೋಂಪು. ಬಿಸಿಲು ಎಲೆಗಳ ನಡುವೆ ಬಂದು ಮಡಿಲಲ್ಲಿ ಬಿದ್ದು, ತಿರುವಿನಲ್ಲಿ ಪಕ್ಕದವರ ಮಡಿಲಿಗೆ ಹೋಗುತ್ತದೆ. ಗಡಿ ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಒಂದು ತಿರುವಿನ ಆಚೆ ಬೋರ್ಡಿನ ಅಕ್ಷರ ಬದಲಾಗಿರುತ್ತದೆ, ಅಷ್ಟೆ. ಅದೇ ರಬ್ಬರ್ ಮರಗಳು, ಹಾಲು ಹಿಡಿಯುವ ಅದೇ ಚಿಪ್ಪು ಸೊಂಟಕ್ಕೆ ಕಟ್ಟಿಕೊಂಡು, ಅದೇ ಓರೆಯಲ್ಲಿ ನಿಂತಿರುತ್ತವೆ. ಎಲ್ಲೋ ರಬ್ಬರ್ ಶೀಟಿಗೆ ಹೊಗೆ ಹಾಕುವ ವಾಸನೆ. ಒಮ್ಮೆ ಆ ಜಾಗದಲ್ಲಿ ಕಾಕ ಹಿಂದೆ ತಿರುಗಿ, "ಇಲ್ಲಿ ಸ್ವಲ್ಪ ಹೊತ್ತು ನಾವು ಎಲ್ಲಿಯವರೂ ಅಲ್ಲ ಟೀಚರೇ" ಎಂದಿದ್ದರು. ಯಾವ ಸಲ ಎಂದು ನೆನಪಿಲ್ಲ. ನಾನು ಅವರ ಗಾಡಿಯಲ್ಲಿ ಹಲವು ಸಲ ಹೋದವಳು.

ಗಡಿ ದಾಟಿದ ಮೇಲೆ ಪಾಣತ್ತೂರು. ಅಲ್ಲಿ ರಸ್ತೆ ಬದಿಯ ಒಂದು ಚಾ ಅಂಗಡಿಯಲ್ಲಿ ಎಲ್ಲರೂ ಇಳಿಯುವುದು ಕಡ್ಡಾಯ. ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ, ಉದ್ದ ಗ್ಲಾಸಿನಲ್ಲಿ ಚಾ. ಅಲ್ಲಿಂದ ಮುಂದೆ ಗುಡ್ಡದ ದಾರಿ, ತಿರುವಿನ ಮೇಲೆ ತಿರುವು, ಬಹಳ ದೂರದವರೆಗೆ ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಅದಕ್ಕಾಗಿ ಕಾಕ ಎಲ್ಲರ ಜಾಗವನ್ನು ಅಲ್ಲಿ ಅದಲು ಬದಲು ಮಾಡುತ್ತಿದ್ದರು. "ತಲೆ ತಿರುಗುವವರು ಜೀಪಿಗೆ! ವಾಂತಿ ಮಾಡುವವರು ಕಿಟಕಿಗೆ! ಮಕ್ಕಳು ಅಜ್ಜಿಯ ಒಟ್ಟಿಗೆ!" ಎಂದು ಕೈ ಬೀಸುತ್ತಿದ್ದರು. ಎಲ್ಲರೂ ಪೋಡಿ ಕಚ್ಚಿಕೊಂಡೇ ಅತ್ತಿಂದಿತ್ತ ಓಡಿ ಹತ್ತುತ್ತಿದ್ದರು. ಗಾಡಿಗಳು ಹೊರಡುತ್ತಿದ್ದವು.

ಹೊರಟು ಅರ್ಧ ದಾರಿಯಾದ ಮೇಲೆ ತಿಳಿಯುತ್ತಿತ್ತು, ವಿಮಾನ ಹತ್ತಬೇಕಾದವರೇ ಗಾಡಿಯಲ್ಲಿಲ್ಲ.

ಜೀಪಿನವರು ವ್ಯಾನಿನಲ್ಲಿದ್ದಾರೆ ಎಂದುಕೊಂಡಿರುತ್ತಿದ್ದರು, ವ್ಯಾನಿನವರು ಜೀಪಿನಲ್ಲಿ. ಕಾಕನೂ ಎರಡರಲ್ಲೂ ಇರುತ್ತಿರಲಿಲ್ಲ. ಗಾಬರಿಯಾಗಿ ಗಾಡಿ ನಿಲ್ಲಿಸಿಕೊಂಡು ಬೊಬ್ಬೆ ಹಾಕುತ್ತಿರುವಾಗ ಹಿಂದಿನಿಂದ ಯಾವುದೋ ಬಾಡಿಗೆ ಜೀಪಿನಲ್ಲಿ ಕಾಕ ಆ ಪ್ರಯಾಣಿಕರನ್ನು ಕೂರಿಸಿಕೊಂಡು ಬರುತ್ತಿದ್ದರು, ತಲೆ ಕೆರೆದುಕೊಂಡು. "ನಾನೂ ಇವನೂ ಹಿಂದೆ ಕೈ ತೊಳಿಲಿಕ್ಕೆ ಹೋದದ್ದು. ಬರುವಾಗ ಗಾಡಿಯೇ ಇಲ್ಲ! ನಾನೇ ಹೊರಡಿ ಅಂತ ಹೇಳಿದ್ದು, ಮರ್ತು ಹೋಯ್ತು ಮಾರಾಯ್ರೆ." ಇದು ಒಂದು ಸಲ ಆದದ್ದಲ್ಲ, ಮತ್ತೆ ಮತ್ತೆ ಆದದ್ದು. ದಿಬ್ಬಣ ಹೊರಟಿತು, ಮದುಮಗ ಮನೆಯಲ್ಲಿ ಎಂದು ಕಡಬದವರು ಆಡಿಕೊಂಡರು. ಕಾಕನ ಗಾಡಿಯಲ್ಲಿ ಹೋಗುವುದಾದರೆ ಹೋಗುವವನ ಸೊಂಟಕ್ಕೆ ಹಗ್ಗ ಕಟ್ಟಿ ಎಂದು ತಮಾಷೆ ಮಾಡಿದರು. ಆದರೂ ವಿಮಾನ ತಪ್ಪಿದ್ದಿಲ್ಲ. ಸಂಜೆಯ ವಿಮಾನಕ್ಕೆ ಕತ್ತಲಲ್ಲಿ ಹೊರಡಿಸುವ ಮನುಷ್ಯ. ಬೇಕಾದಷ್ಟು ಹೊತ್ತು ಕೈಯಲ್ಲಿರುತ್ತಿತ್ತು.

ತಪ್ಪಿದ್ದು ಒಂದೇ ಸಲ, ನನ್ನ ಗಂಡನದ್ದು.

ಇವರು ಐಟಿಐ ಮಾಡಿ ಪುತ್ತೂರಿನಲ್ಲಿ ಒಬ್ಬ ಕಂಟ್ರಾಕ್ಟರರ ಕೈಕೆಳಗೆ ವೈರಿಂಗ್ ಕೆಲಸ ಮಾಡುತ್ತಿದ್ದರು. ನಾನು ರಾಮಕುಂಜದ ಹತ್ತಿರ ಶಾಲೆಯಲ್ಲಿ ಟೀಚರು. ಮಗಳು ಆಗ ಮಾತು ಕಲಿಯುತ್ತಿದ್ದಳು. ಮಸ್ಕತ್ತಿನ ವೀಸಾ ತಂದವರು ಮಾವ, ಯಾರದೋ ಕೈಕಾಲು ಹಿಡಿದು. ವೀಸಾ ಬಂದ ದಿನವೇ ಊರಿಗೆಲ್ಲ ಹೇಳಿಕೊಂಡು ಬಂದರು. ಯುವಕ ಮಂಡಲದವರು ಸಭೆ ಮಾಡಿ ಇವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಊರಿನ ಹೆಮ್ಮೆ ಎಂದರು. ವೈರಿಂಗಿನವನಿಗೆ ಶಾಲು ಹೊದಿಸಿದ್ದು ಅದೇ ಮೊದಲಿರಬೇಕು. ಇವರು ಶಾಲು ಹೊದ್ದು ಬೆವರುತ್ತಾ ಕೂತಿದ್ದರು. ಮೊದಲೇ ಮಾತು ಕಡಿಮೆಯ ಮನುಷ್ಯ, ಆ ಮೇಲಂತೂ ಬಾಯಿಗೆ ಬೀಗ. ನನಗೆ ಇವರು ಹೋಗುವುದು ಬೇಡವಾಗಿತ್ತು. ಆದರೆ ಹೋಗುವ ಉತ್ಸಾಹದಲ್ಲಿ ಇರುವವರ ಕಾಲಿಗೆ ತೊಡರಾಗಬಾರದು ಎಂದು ಸುಮ್ಮನಿದ್ದೆ. ಇವರಿಗೆ ಉತ್ಸಾಹ ಇತ್ತೇ ಎಂದು ಕೇಳಲಿಲ್ಲ. ಮಾವ ನಮ್ಮಿಬ್ಬರ ಪಾಲಿನ ಉತ್ಸಾಹವನ್ನೂ ಅವರೊಬ್ಬರೇ ಪಟ್ಟರು.

ಅಂದು ಪಾಣತ್ತೂರಿನಲ್ಲಿ ಮಾವ ಎಚ್ಚರವಾಗಿಯೇ ಇದ್ದರು. ಮಗನ ಮೇಲೆ ಒಂದು ಕಣ್ಣು, ಕಾಕನ ಮೇಲೆ ಒಂದು ಕಣ್ಣು. ಆದರೆ ಕಾಕ ಅವರನ್ನೇ ಮೊದಲು ಜೀಪಿಗೆ ಹತ್ತಿಸಿದರು, "ನಿಮಗೆ ಬಿಪಿ ಅಲ್ವಾ, ಮುಂದೆ ಕೂತ್ಕೊಳ್ಳಿ" ಎಂದು. ನಾನು ಮಗಳನ್ನು ಎತ್ತಿಕೊಂಡು ವ್ಯಾನಿಗೆ ಹತ್ತಿದೆ. ಇವರು ಅಪ್ಪನ ಒಟ್ಟಿಗೆ ಇದ್ದಾರೆ, ಕೊನೆಯ ಕೆಲವು ಗಂಟೆ ಅಪ್ಪ ಮಗ ಮಾತಾಡಿಕೊಳ್ಳಲಿ ಎಂದುಕೊಂಡೆ. ಮಾವ ಜೀಪಿನಲ್ಲಿ, ಮಗ ತನ್ನ ಹೆಂಡತಿ ಮಗಳ ಒಟ್ಟಿಗೆ ಇರಲಿ ಪಾಪ ಎಂದುಕೊಂಡು ಕೂತಿದ್ದರಂತೆ. ಚೆರುಪುಳ ಪೇಟೆಯಲ್ಲಿ ಗಾಡಿ ನಿಂತಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹಿಂದಿನಿಂದ ಯಾವ ಜೀಪೂ ಬರಲಿಲ್ಲ. ಕಾದೆವು. ಮಾವ ಗಾಡಿ ತಿರುಗಿಸಿ ಪಾಣತ್ತೂರಿಗೆ ವಾಪಸು ಓಡಿಸಿದರು, ಅಲ್ಲಿ ಇಬ್ಬರೂ ಇಲ್ಲ. ಸಿಗ್ನಲ್ ಸಿಕ್ಕಿದಾಗ ಕಾಕನ ಫೋನು ಸ್ವಿಚ್ ಆಫ್. ಇವರ ಫೋನು ನನ್ನ ಚೀಲದಲ್ಲೇ ಹಾಡುತ್ತಿತ್ತು. ಕೊನೆಗೆ ನಾವು ವಿಮಾನ ನಿಲ್ದಾಣ ಮುಟ್ಟಿ, ಗೇಟಿನ ಹೊರಗೆ ಪೆಟ್ಟಿಗೆಗಳ ಮೇಲೆ ಕೂತು ದಾರಿ ನೋಡುತ್ತಿರುವಾಗ, ಒಳಗೆ ಬಿಡುವ ಹೊತ್ತು ಮುಗಿದ ಮೇಲೆ, ಒಂದು ಹಳೆಯ ಜೀಪು ಬಂದು ನಿಂತಿತು. ಕಾಕ ಮೊದಲು ಇಳಿದರು. "ಕಾಞಂಗಾಡಿಗೆ ಇಳಿದು ಹೈವೇ ಹಿಡಿದ್ರೆ ಬೇಗ ಆಗ್ತದೆ ಅಂತ ನೆನೆಸಿದೆ. ಹೈವೇ ಎಲ್ಲ ಅಗೆದು ಹಾಕಿದ್ದಾರೆ. ನನ್ನದೇ ತಪ್ಪು. ತಲೆ ಸರಿ ಇಲ್ಲ ನನ್ನದು" ಎಂದು ಎರಡೂ ಕೈಯಿಂದ ತಲೆಗೆ ಬಡಿದುಕೊಂಡರು. ಮಾವ ಬಾಯಿಗೆ ಬಂದಂತೆ ಬೈದರು. ಸುತ್ತ ಜನ ಸೇರಿದರು. ಭಾಷೆ ತಿಳಿಯದವರಿಗೂ ವಿಷಯ ತಿಳಿಯಿತು. ಕಾಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಇವರು ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡು ಜೀಪಿಗೆ ಒರಗಿ ನಿಂತಿದ್ದರು. ಮಗಳು ಓಡಿ ಹೋಗಿ ಇವರ ಕಾಲು ಹಿಡಿದುಕೊಂಡಳು.

ಮರುದಿನ, ಭಾನುವಾರ, ನಾವು ಕಡಲಿಗೆ ಹೋದೆವು. ಗಾಡಿಗೆ ಬಾಡಿಗೆ ಹೇಗೂ ಕೊಟ್ಟಾಗಿತ್ತು, ಮಕ್ಕಳು ಬೇರೆ ಹಟ ಹಿಡಿದಿದ್ದವು. ಕಾಕನ ಪ್ರವಾಸಗಳ ಇತಿಹಾಸದಲ್ಲೇ ಹೋದವರೆಲ್ಲ ಸೇರಿ ಕಡಲು ನೋಡಿದ್ದು ಅದೊಂದೇ ಸಲ. ಮಾವ ಜೀಪಿನಿಂದ ಇಳಿಯಲಿಲ್ಲ. ಕಾಕ ದೂರದಲ್ಲಿ, ಒಂದು ಮಗುಚಿ ಹಾಕಿದ ದೋಣಿಯ ಬದಿಯಲ್ಲಿ, ಒಬ್ಬರೇ ಕೂತಿದ್ದರು. ಯಾರೂ ಅವರಿಗೆ ತಿಂಡಿ ಕೊಡಲಿಲ್ಲ. ಇವರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿನಲ್ಲಿ ನಿಂತಿದ್ದರು. ತೆರೆ ಬಂದಾಗಲೆಲ್ಲ ಮಗಳು ಕಿರುಚುವುದು, ಇವರು ಒಂದು ಹೆಜ್ಜೆ ಹಿಂದೆ ಬರುವುದು. ನೀರು, ಆಕಾಶ ಎರಡೂ ಒಂದೇ ಬಣ್ಣದಲ್ಲಿದ್ದವು. ಎಲ್ಲರ ದನಿ ಗೋಡೆಯಾಚೆಯಿಂದ ಬಂದ ಹಾಗೆ ಕೇಳುತ್ತಿತ್ತು. ನಾನು ದಂಡೆಯಲ್ಲಿ ಕೂತು, ಇದು ನಿನ್ನೆಯೇ ಮುಗಿದುಹೋಗಬೇಕಾಗಿದ್ದ ಬದುಕು, ಯಾರದೋ ಮರೆವಿನಿಂದ ಒಂದು ದಿನ ಹೆಚ್ಚು ಸಿಕ್ಕಿದೆ ಎಂದುಕೊಂಡೆ. ನನಗೆ ಸಂತೋಷವಾಗಿತ್ತು. ಸಂತೋಷವಾಯಿತಲ್ಲ ಎಂದು ಹೆದರಿಕೆಯೂ ಆಗಿತ್ತು.

ಒಂದು ದಿನ ಅಂದುಕೊಂಡದ್ದು ಮತ್ತೆ ಮುಗಿಯಲೇ ಇಲ್ಲ. ಆ ಕಂಪೆನಿಯವರು ಬೇರೆ ಯಾರನ್ನೋ ತೆಗೆದುಕೊಂಡರು. ಇನ್ನೊಂದು ವೀಸಾ ತರುತ್ತೇನೆ ಎಂದು ಮಾವ ಹೊರಟಾಗ ಇವರು, "ನೋಡುವ ಅಪ್ಪ" ಎಂದರು. ಆ ನೋಡುವುದು ಹಾಗೆಯೇ ಮುಂದೆ ಹೋಯಿತು. ಇವರು ಊರಿನಲ್ಲೇ ಪಂಪು, ಮೋಟಾರು ರಿಪೇರಿಯ ಅಂಗಡಿ ಹಾಕಿದರು. ಉಣ್ಣಲು ಉಡಲು ಕೊರತೆಯಾಗಲಿಲ್ಲ. ಶಾಲು ಹೊದಿಸಿದವರು ಮೊದಮೊದಲು ಕಂಡಾಗ ಮುಖ ತಿರುಗಿಸಿದರು, ಮತ್ತೆ ಅವರವರ ಪಂಪು ಹಾಳಾದಾಗ ಸರಿಯಾದರು.

ಆದರೆ ನನ್ನ ಒಳಗೆ ಒಂದು ಮುಳ್ಳು ಉಳಿದುಹೋಯಿತು. ಇವರು ಇಲ್ಲಿ ಇದ್ದದ್ದು ಇರಬೇಕೆಂದು ಅಲ್ಲ, ಹೋಗಲಾಗದೆ. ಒಬ್ಬ ಮುದುಕರ ಮರೆವು ಇಲ್ಲದಿದ್ದರೆ ಇವರು ಮಸ್ಕತ್ತಿನಲ್ಲಿ ಇರುತ್ತಿದ್ದರು. ಇವರ ಜೊತೆಗೆ ಕಲಿತವರು ಗಲ್ಫಿನಿಂದ ಬಂದು ಎರಡು ಮಾಳಿಗೆಯ ಮನೆ ಕಟ್ಟಿಸಿದಾಗ ಅದರ ವೈರಿಂಗಿಗೆ ಇವರೇ ಹೋದರು. ರಾತ್ರಿ ಬಂದು ಮಾತಿಲ್ಲದೆ ಉಂಡು ಮಲಗಿದರು. ಮಾತಿಲ್ಲದೆ ಉಣ್ಣುವುದು ಇವರ ದಿನದ ಅಭ್ಯಾಸವೇ. ಆದರೂ ನನಗೆ ಅಂದಿನ ಮೌನ ಬೇರೆ ಎಂದು ತೋರಿತು. ಆ ವಿಮಾನ ತಪ್ಪಿದ್ದಕ್ಕೆ ನಿಮಗೆ ಬೇಸರ ಉಂಟಾ ಎಂದು ಕೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಉಂಟು ಎಂದುಬಿಟ್ಟರೆ ಆಮೇಲೆ ಆ ಮನೆಯಲ್ಲಿ ನಾನೂ ಮಗಳೂ ಹೇಗೆ ಇರುವುದು? ಕೇಳಲಿಲ್ಲ. ಮಗಳು ಈಗ ಎರಡನೇ ಕ್ಲಾಸು.

ಕಾಕನಿಗೆ ಆ ಪ್ರಕರಣದಿಂದ ಪೆಟ್ಟು ಬಿತ್ತು. ಟಿಕೆಟಿಗೆ ಬರುವವರು ಕಡಿಮೆಯಾದರು. ಮಾವ ಕಡಬ ಪೇಟೆಯ ನಡುವಿನಲ್ಲೇ ಎರಡನೆಯ ಸಲ ಬೈದರು. ಕಾಕ ಮತ್ತೆ ಅದೇ ಮಾತು: "ಹೌದು, ನನ್ನದೇ ತಪ್ಪು." ನನಗೆ ಆಶ್ಚರ್ಯವಾಗುತ್ತಿದ್ದದ್ದು ಇವರು. ಒಂದು ದಿನವೂ ಕಾಕನ ಮೇಲೆ ಸಿಟ್ಟು ಮಾಡಲಿಲ್ಲ. ಪೇಟೆಗೆ ಹೋದರೆ ಆ ಅಂಗಡಿಗೆ ಹೋಗದೆ ಬರುತ್ತಿರಲಿಲ್ಲ. ಅಲ್ಲಿನ ಫ್ಯಾನು, ಟ್ಯೂಬು, ಇನ್ವರ್ಟರು ಎಲ್ಲ ಇವರದ್ದೇ ಉಸ್ತುವಾರಿ. ನಾನೊಮ್ಮೆ, "ನಿಮ್ಮಷ್ಟು ಒಳ್ಳೆಯವರಾದ್ರೂ ಕಷ್ಟ" ಎಂದು ಚುಚ್ಚಿದ್ದೆ. ಇವರು ಸ್ಕ್ರೂಡ್ರೈವರ್ ಹುಡುಕುತ್ತಾ ಒಳಗೆ ಹೋದರು.

ನನಗೂ ಕಾಕನ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ. ಶಾಲೆಯ ಪ್ರಶ್ನೆಪತ್ರಿಕೆ ಜೆರಾಕ್ಸಿಗೆ ಹೋದರೆ, ಬಿಸಿ ಕಾಗದದ ಕಟ್ಟನ್ನು ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಡುತ್ತಿದ್ದರು. "ಟೀಚರೇ, ಮಗಳು ಎಂತ ಹೇಳ್ತಾಳೆ? ಅಪ್ಪನೊಟ್ಟಿಗೆ ಶಾಲೆಗೆ ಹೋಗುದಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಹೌದು ಎಂದರೆ, ಹಾಗಾದ್ರೆ ಸರಿ ಎಂಬಂತೆ ತಲೆ ಆಡಿಸಿ ಮುಂದಿನ ಗಿರಾಕಿಯ ಕಡೆ ತಿರುಗುತ್ತಿದ್ದರು. ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳುತ್ತಾರೆ, ಪಾಪ, ಮರೆವು ಎಂದುಕೊಳ್ಳುತ್ತಿದ್ದೆ.

ಅವರು ತೀರಿಕೊಂಡ ಮೇಲಿನ ಭಾನುವಾರ ನಾವಿಬ್ಬರೂ ಅವರ ಮನೆಗೆ ಹೋದೆವು. ಗಂಡಸರು ಅಂಗಳದ ಶಾಮಿಯಾನದಲ್ಲಿ, ಹೆಂಗಸರು ಒಳಗೆ. ಅವರ ಹೆಂಡತಿಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ನಾನು ಜಗಲಿಯ ಮೂಲೆಯ ಚಾಪೆಗೆ ಬಂದೆ. ಅಲ್ಲಿ ನೆಲ್ಯಾಡಿಯ ಒಬ್ಬಳು ನರ್ಸು ಕೂತಿದ್ದಳು. ರಜೆಯಲ್ಲಿ ಊರಿಗೆ ಬಂದವಳು. ಕಣ್ಣೂರಿನ ನಿಲ್ದಾಣ ತೆರೆದ ಹೊಸತರಲ್ಲಿ ಕಾಕನೇ ಕುವೈತಿಗೆ ಕಳುಹಿಸಿದ್ದರು. ಅತ್ತು ಅವಳ ಮೂಗು ಕೆಂಪಾಗಿತ್ತು. ಸಮಾಧಾನಕ್ಕೆಂದು ನಾನು ಕಾಕನ ಮರೆವಿನ ಕತೆ ತೆಗೆದೆ. ಪಾಣತ್ತೂರಿನಲ್ಲಿ ನಿನ್ನನ್ನೂ ಬಿಟ್ಟು ಗಾಡಿ ಹೋಗಿತ್ತಲ್ಲ ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಮರೆವಾ ಟೀಚರೇ? ಕಾಕನಿಗಾ?"

ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. ಗಾಡಿಗಳೆರಡೂ ತಿರುವಿನಲ್ಲಿ ಮರೆಯಾಗುವವರೆಗೆ ಕಾಕ ಅವಳನ್ನು ಚಾ ಅಂಗಡಿಯ ಹಿಂದೆಯೇ ನಿಲ್ಲಿಸಿಕೊಂಡಿದ್ದರಂತೆ. ಆಮೇಲೆ ಬೆಂಚಿನಲ್ಲಿ ಕೂರಿಸಿ, ಸ್ವಂತ ಮಗಳನ್ನು ಕರೆಯುವ ಹಾಗೆ ಮೋಳೆ ಎಂದು ಕರೆದು ಕೇಳಿದರಂತೆ: "ಈಗ ಅಪ್ಪ ಇಲ್ಲ, ಅಮ್ಮ ಇಲ್ಲ, ಗಂಡ ಇಲ್ಲ, ಊರಿನವರೂ ಇಲ್ಲ. ಹೇಳು ಮೋಳೆ, ನಿನಗೆ ಹೋಗ್ಬೇಕಾ, ಬೇಡ್ವಾ?"

"ನನಗೆ ಹೆದರಿಕೆ ಆಯ್ತು ಟೀಚರೇ. ಬೇಡ ಅಂತ ಹೇಳಿದ್ರೆ ಎಂತ ಮಾಡ್ತೀರಿ ಅಂತ ಕೇಳಿದೆ. ಅದಕ್ಕೆ ಕಾಕ, ನನಗೆ ಮರೆವು ಅಂತ ಪೇಟೆಗೆಲ್ಲ ಗೊತ್ತುಂಟು, ಇವತ್ತು ದಾರಿಯೂ ತಪ್ಪಿತು ಅಂತ ಹೇಳುದು, ಬೈದ್ರೆ ನನಗೆ ಬೈತಾರೆ, ನಿನಗೆ ಯಾರೂ ಬೈಯುದಿಲ್ಲ ಅಂದ್ರು."

"ನೀನು?"

"ಹೋಗ್ಬೇಕು ಅಂದೆ. ನಿಜವಾಗಿ ಹೋಗ್ಬೇಕಿತ್ತು ನನಗೆ. ಹಾಗಾದ್ರೆ ಅಳುದಿದ್ರೆ ಇಲ್ಲೇ ಅತ್ತು ಮುಗಿಸು, ಗೇಟಿನಲ್ಲಿ ನಿನ್ನ ಮಗು ನೋಡ್ತದೆ ಅಂತ ಹೇಳಿ ಆಚೆ ತಿರುಗಿ ನಿಂತ್ರು. ನಾನು ಅತ್ತೆ. ಆಮೇಲೆ ಜೀಪು ಕರೆದ್ರು." ಅವಳು ಮೂಗು ಒರೆಸಿಕೊಂಡಳು. "ಅವರನ್ನು ಚಿಕ್ಕ ಪ್ರಾಯದಲ್ಲಿ ಕಳಿಸುವಾಗ ಯಾರೂ ಕೇಳ್ಲಿಲ್ಲವಂತೆ. ಯಾರಾದ್ರೂ ಒಬ್ಬರು ಕೇಳಿದ್ದಿದ್ರೂ ಹೋಗ್ತಾ ಇದ್ದೆನೋ ಏನೋ, ಆದ್ರೆ ಕೇಳ್ಬೇಕಿತ್ತು ಅಂದ್ರು. ಇದು ಯಾರಿಗೂ ಹೇಳ್ಬಾರ್ದು ಅಂತ ಮಾತು ತೆಗೊಂಡಿದ್ರು. ಹೇಳಿದ್ರೆ ಮತ್ತೆ ಮುಂದಿನವರಿಗೆ ಕೇಳ್ಲಿಕ್ಕೆ ಆಗುದಿಲ್ಲ ಅಲ್ವಾ? ಇನ್ನು ಮುಂದಿನವರೇ ಇಲ್ಲ, ಅದಕ್ಕೆ ಹೇಳಿದೆ." 

ಹೀಗೆ ಹೋದವರು ಆ ಶಾಮಿಯಾನದಲ್ಲಿ ಎಷ್ಟು ಜನ ಕೂತಿದ್ದರೋ. ಹೊರಗೆ ಯಾರೋ ಕಾಕನ ಮರೆವಿನ ಕತೆ ಹೇಳಿ ನಗಿಸುತ್ತಿದ್ದರು. ಕೆಲವರು ನಗುತ್ತಿದ್ದರು, ಕೆಲವರು ತಲೆ ತಗ್ಗಿಸಿ ಕೂತಿದ್ದರು. ನನ್ನ ಗಂಡ ತಲೆ ತಗ್ಗಿಸಿದವರ ಸಾಲಿನಲ್ಲಿದ್ದರು. ಆ ದಿನ ಪೇಟೆಯ ನಡುವಿನಲ್ಲಿ, ಮಾವನ ಎದುರು, ಕೈಕಟ್ಟಿ ನಿಂತಿದ್ದ ಆ ಮುದುಕರನ್ನು ನೆನೆದು ಅಳು ಒತ್ತರಿಸಿ ಬಂತು. ನರ್ಸು ನನ್ನ ಬೆನ್ನು ಸವರಿದಳು. ಏಕೆ ಅಳುತ್ತೇನೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ ತಿಳಿಯದು.

ಮನೆಗೆ ಬರುವಾಗ ಇವರ ಸ್ಕೂಟರಿನ ಹಿಂದೆ ಕೂತಿದ್ದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಸಂಜೆಯ ಬಿಸಿಲು ಎರಡೂ ಬದಿಯ ತೋಟಗಳ ಮೇಲೆ ಮಲಗಿತ್ತು. ಕೇಳಲು ಇಷ್ಟು ವರ್ಷ ಹೆದರಿದ್ದೆನಲ್ಲ, ಆ ಹೆದರಿಕೆ ಈಗಲೂ ಇತ್ತು. ಕಾಕ ಆದರೆ ಇಷ್ಟು ಹೊತ್ತಿಗೆ ಕೇಳಿಬಿಡುತ್ತಿದ್ದರು ಎಂದುಕೊಂಡು ಕೇಳಿದೆ.

"ಪಾಣತ್ತೂರಲ್ಲಿ ನಿಮ್ಮನ್ನೂ ಕೇಳಿದ್ರಾ, ಕಾಕ?"

ಸ್ಕೂಟರು ಸ್ವಲ್ಪ ನಿಧಾನವಾಯಿತು.

"ಕೇಳಿದ್ರು."

"ನೀವೆಂತ ಹೇಳಿದ್ರಿ?"

"ನಾನೆಂತ ಹೇಳ್ಲಿಲ್ಲ. ಅಂಗಡಿಯವನಿಗೆ ಇನ್ನೊಂದು ಚಾ ಹೇಳಿದೆ."

"ಕಾಕ?"

"ಅವರು ಫೋನು ಆಫ್ ಮಾಡಿ ಕಿಸೆಗೆ ಹಾಕಿದ್ರು. ಅವರಿಗೂ ಒಂದು ಚಾ ಹೇಳಿದ್ರು."